ನಿತ್ಯದ ಅಕ್ಕಿ: ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಕುರಿತು ಒಂದು ವಿಚಾರ

ಶರಣರ ಕಥೆಗಳಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯಷ್ಟು ಜನಾನುರಾಗವನ್ನು ಪಡೆದವು ಕೆಲವೇ. ಪಾಠಪುಸ್ತಕಗಳಿಂದ ಮೊದಲುಗೊಂಡು ಪುರಾಣಪ್ರವಚನಗಳವರೆಗೆ ಅದು ಹರಡಿಕೊಂಡಿದೆ. ಇಷ್ಟು ಬಳಕೆಗೆ ಬಂದ ಕಥೆಗೆ ಒಂದು ಅಪಾಯ ಉಂಟು: ಕೇಳುವವನಿಗೆ ಕಥೆಗಿಂತ ಮೊದಲು ಅದರ ನೀತಿ ತಿಳಿದಿರುತ್ತದೆ. ಈ ಕಥೆಗೆ ಸಾಮಾನ್ಯವಾಗಿ ಎರಡು ನೀತಿಗಳನ್ನು ಹೇಳುವುದು ವಾಡಿಕೆ. ದೇವರನ್ನು ನಂಬಿದವನಿಗೆ ಅನ್ನಕ್ಕೆ ಕೊರತೆಯಿಲ್ಲವೆಂಬುದು ಒಂದು. ಬೇಕಾದುದಕ್ಕಿಂತ ಹೆಚ್ಚಾಗಿ ಕೂಡಿಡಬಾರದೆಂಬುದು ಇನ್ನೊಂದು. ಮೊದಲನೆಯದನ್ನು ಮಠದ ವ್ಯಾಖ್ಯಾನಕಾರರೂ ಎರಡನೆಯದನ್ನು ಸಮಾಜಸುಧಾರಣೆಯ ದೃಷ್ಟಿಯುಳ್ಳ ಆಧುನಿಕ ವಿಮರ್ಶಕರೂ ಎತ್ತಿ ಹಿಡಿಯುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಲಕ್ಕಮ್ಮನ ವಚನಗಳನ್ನೇ ಎದುರಿಗಿಟ್ಟುಕೊಂಡು ಓದಿದಾಗ ಅವೆರಡೂ ಸಾಲವೆಂದು ನಮಗೆ ತೋರುತ್ತದೆ. ಕಷ್ಟಕಾಲದಲ್ಲಿ ದೈವವು ಒದಗಿಸುವುದೆಂಬ ನಂಬುಗೆಗೂ ವ್ರತಪಾಲನೆಗೂ ಇರುವ ಸಂಬಂಧವನ್ನು ಈಕೆ ಹೇಗೆ ಕಂಡಳೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಆಕರದ ಮಾತು. ಕಥೆಯು ನಮಗೆ ವಿಸ್ತಾರವಾಗಿ ದೊರೆಯುವುದು ಶೂನ್ಯಸಂಪಾದನೆಯಲ್ಲಿ. ಹಳಕಟ್ಟಿಯವರು ೧೯೩೦ರಲ್ಲಿ ಪ್ರಕಟಿಸಿದ, ಮುಂದೆ ೧೯೫೮ರಲ್ಲಿ ಭೂಸನೂರಮಠರು ಸಂಪಾದಿಸಿದ ಗೂಳೂರ ಸಿದ್ಧವೀರಣ್ಣೊಡೆಯನ ಕೃತಿಯಲ್ಲಿ ಆಯ್ದಕ್ಕಿ ಮಾರಯ್ಯಗಳ ಸಂಪಾದನೆಯು ಒಂದು ಪ್ರತ್ಯೇಕ ಪ್ರಕರಣವೇ ಆಗಿದೆ. ಈ ಕೃತಿ ಹದಿನಾರನೆಯ ಶತಮಾನದ ಆದಿಭಾಗದ್ದು. ವಚನಗಳಾದರೋ ಹನ್ನೆರಡನೆಯ ಶತಮಾನದವು. ನಡುವೆ ಮುನ್ನೂರು ವರ್ಷಗಳಿಗೂ ಮೀರಿದ ಅಂತರವಿದೆ. ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದರೂಪದಲ್ಲಿ ಹೊಂದಿಸಿ, ನಡುನಡುವೆ ಗದ್ಯದ ಸಂಧಿಗಳನ್ನಿಟ್ಟು, ಸಂಪಾದನಕಾರನು ಒಂದು ನಾಟಕವನ್ನೇ ಕಟ್ಟಿದ್ದಾನೆ. ಆದುದರಿಂದ ಕಥೆಯು ಹೇಳುವುದೆಲ್ಲವನ್ನೂ ವಚನಕಾರ್ತಿಯ ಮೇಲೆ ಹೊರಿಸುವುದು ಸಾಧುವಲ್ಲ. ಅದೃಷ್ಟವಶಾತ್ ಲಕ್ಕಮ್ಮನ ವಚನಗಳು ಇಪ್ಪತ್ತೈದರಷ್ಟು ಉಳಿದು ಬಂದಿವೆ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಪ್ರಸಂಗದಿಂದ ಬಿಡಿಸಿ ಓದಿದರೂ ಅವುಗಳ ಧ್ವನಿ ಮಾಸುವುದಿಲ್ಲ.

ಕಥೆಯ ಸಂಗ್ರಹ ಇಷ್ಟು. ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಇವರು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಡಿಗೆ ಮಾಡಿ ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವಾಗಿ ಸ್ವೀಕರಿಸುವುದು ಇಬ್ಬರ ನೇಮ. ಒಂದು ದಿನ ಮಾರಯ್ಯನು ಅಲ್ಲಮಪ್ರಭುವಿನೊಡನೆ ತತ್ತ್ವಗೋಷ್ಠಿಯಲ್ಲಿ ಮುಳುಗಿ ಹೊತ್ತನ್ನು ಮರೆಯುತ್ತಾನೆ. ಕಾಯಕ ನಿಂತಿತೆಂದು ಲಕ್ಕಮ್ಮ ಎಚ್ಚರಿಸುತ್ತಾಳೆ. ಅವನು ಅವಸರದಿಂದ ಹೋಗಿ ಅಕ್ಕಿಯನ್ನು ತರುತ್ತಾನೆ; ಆದರೆ ಆ ದಿನ ಬಸವಣ್ಣನವರು ಪರೀಕ್ಷಾರ್ಥವಾಗಿ ಅಂಗಳದಲ್ಲಿ ಹೆಚ್ಚಾಗಿ ಅಕ್ಕಿಯನ್ನು ಚೆಲ್ಲಿಸಿರುತ್ತಾರೆ. ತಂದುದು ದಿನದ ಅಳತೆಯನ್ನು ಮೀರಿದುದನ್ನು ಕಂಡು ಲಕ್ಕಮ್ಮ ಅದನ್ನು ಒಪ್ಪುವುದಿಲ್ಲ. ಅಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿಸುತ್ತಾಳೆ.

ಇಲ್ಲಿ ಮಾರಯ್ಯನ ಸ್ಥಿತಿಯಲ್ಲಿರುವ ವಿಪರ್ಯಾಸವನ್ನು ಗಮನಿಸದೆ ಹೋಗುವಂತಿಲ್ಲ. ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಎದುರಿಗೆ ಬಂದು ನಿಂತ ಜಂಗಮದ ಹಂಗನ್ನೂ ತೊರೆಯಬೇಕು ಎಂಬರ್ಥದ ಪ್ರಸಿದ್ಧವಚನ ಇವನದೇ. ಕಾಯಕವನ್ನು ಕೈಲಾಸದೊಡನೆ ಸಮೀಕರಿಸಿ ಇಂದು ಗಾದೆಯಂತೆ ಎಲ್ಲರ ಬಾಯಲ್ಲಿರುವ ಮಾತೂ ಆ ವಚನದ್ದೇ. ಜನರು ಅದನ್ನು ಬಸವಣ್ಣನವರದೆಂದು ತಿಳಿದಿರುವುದು ಬೇರೆ ಮಾತು. ಹಾಗೆ ಹೇಳಿದವನೇ ಈಗ ಪ್ರಭುವಿನ ಸನ್ನಿಧಿಯಲ್ಲಿ ಕಾಯಕವನ್ನು ಮರೆತಿದ್ದಾನೆ. ಗುರುವಿಗಾಗಿ ಕಾಯಕವನ್ನು ಮರೆಯುವುದು ಸಾಮಾನ್ಯ ಭಕ್ತನಲ್ಲಿ ಗುಣವೆನಿಸೀತು. ಈ ಮನೆಯಲ್ಲಿ ಅದು ಗುಣವಲ್ಲ. ಗಂಡನ ವಚನದಲ್ಲಿ ಸಿದ್ಧಾಂತವಾಗಿದ್ದುದನ್ನು ಹೆಂಡತಿ ಆ ದಿನದ ಒಲೆಯ ಮುಂದೆ ನಿಂತು ಕೇಳುತ್ತಿದ್ದಾಳೆ. ಆಕೆ ಆಡುವ ಮಾತು ಬಿರುಸಾಗಿದ್ದರೂ ಗಂಡನನ್ನು ಕರೆಯುವುದು ಬಹುಮಟ್ಟಿಗೆ ಬಹುವಚನದಿಂದಲೇ. ಗೌರವ ಕುಂದದಂತೆ ಕಟುವಾಗಿ ನುಡಿಯುವ ಈ ರೀತಿಯನ್ನು ನಮ್ಮ ಹಳ್ಳಿಗಳ ಮನೆಗಳಲ್ಲಿ ಇಂದಿಗೂ ಕೇಳಬಹುದು.

ಹೆಚ್ಚಾದ ಅಕ್ಕಿಯನ್ನು ಕುರಿತ ವಚನಗಳು ಎರಡು. ಒಂದರಲ್ಲಿ ಆಸೆಯು ಅರಸರಿಗೆ ತಕ್ಕುದೇ ಹೊರತು ಶಿವಭಕ್ತರಿಗಲ್ಲವೆಂದೂ, ಇಷ್ಟು ಅಕ್ಕಿಯ ಆಸೆ ನಿಮಗೇಕೆಂದೂ, ಇದನ್ನು ಈಶ್ವರನು ಒಪ್ಪಲಾರನೆಂದೂ ಆಕೆ ಹೇಳುತ್ತಾಳೆ. ಇನ್ನೊಂದರಲ್ಲಿ ಒಮ್ಮನವನ್ನು ಮೀರಿ ಇಮ್ಮನದಿಂದ ತಂದಿರೆಂದು ಆಕ್ಷೇಪಿಸಿ, ಇದು ನಿಮ್ಮ ಮನಸ್ಸಿನಿಂದ ಆದುದೋ ಅಥವಾ ಬಸವಣ್ಣನವರ ಚಿತ್ತದಲ್ಲಿ ಹುಟ್ಟಿದ ಅನುಮಾನದಿಂದ ಆದುದೋ ಎಂದು ಪ್ರಶ್ನಿಸುತ್ತಾಳೆ. ಈ ಎರಡನೆಯ ವಚನವು ಹೆಚ್ಚು ಸೂಕ್ಷ್ಮವಾದುದು. ಒಮ್ಮನ, ಇಮ್ಮನ ಎಂಬಲ್ಲಿ 'ಮನ' ಮನಸ್ಸೇ ಸರಿ. ಆದರೆ ಅಕ್ಕಿಯ ಪ್ರಸಂಗದಲ್ಲಿ ಬಂದಿರುವುದರಿಂದ ಧಾನ್ಯವನ್ನು ಅಳೆಯುವ 'ಮಾನ'ದ ನೆನಪೂ ಅಲ್ಲಿ ಸುಳಿಯದೆ ಇರದು. ಅಳತೆ ಎರಡಾದರೆ ಮನಸ್ಸೂ ಎರಡಾಯಿತು. ಅಕ್ಕಿಯನ್ನು ಅಳೆದಂತೆ ಆಕೆ ಗಂಡನ ಮನಸ್ಸನ್ನೂ ಅಳೆದಿದ್ದಾಳೆ. ಅಷ್ಟೇ ಅಲ್ಲ, ಈ ಹೆಚ್ಚಳದ ಹಿಂದೆ ಇನ್ನೊಬ್ಬರ ಕೈ ಇರಬಹುದೆಂಬುದನ್ನೂ ಊಹಿಸಿದ್ದಾಳೆ.

ನಮ್ಮ ವಾದಕ್ಕೆ ಆಧಾರವಾದ ಅಂಶ ಇದು. ಲಕ್ಕಮ್ಮನ ನಿರಾಕರಣೆಗೆ ಕಾರಣ ಸಂಗ್ರಹದ ದೋಷ ಮಾತ್ರವೆಂದಾದರೆ, ಹೆಚ್ಚಿನ ಅಕ್ಕಿಯನ್ನು ಆ ದಿನವೇ ಅಡಿಗೆ ಮಾಡಿ ಇನ್ನಷ್ಟು ಜಂಗಮರಿಗೆ ಬಡಿಸಬಹುದಾಗಿತ್ತು. ಅದರಲ್ಲಿ ಕೂಡಿಡುವ ಮಾತೇ ಬರುತ್ತಿರಲಿಲ್ಲ. ಆಕೆ ಆ ದಾರಿಯನ್ನು ಯೋಚಿಸುವುದೂ ಇಲ್ಲ. ಏಕೆಂದರೆ ಅಂಗಳದಲ್ಲಿ ಕೈತಪ್ಪಿ ಚೆಲ್ಲಿದ ಅಕ್ಕಿ ಬೇರೆ, ಬೇಕೆಂದು ಚೆಲ್ಲಿದ ಅಕ್ಕಿ ಬೇರೆ. ಮೊದಲನೆಯದನ್ನು ಬಾಗಿ ಆಯುವುದು ಕಾಯಕ; ಎರಡನೆಯದು, ಆಯುವ ಶ್ರಮ ಒಂದೇ ಆಗಿದ್ದರೂ, ದಾನ. ಆ ಅಕ್ಕಿಯಿಂದ ಮಾಡಿದ ದಾಸೋಹ ಬಸವಣ್ಣನವರ ದಾಸೋಹವಾಗುತ್ತದೆಯೇ ಹೊರತು ಮಾರಯ್ಯನದಾಗುವುದಿಲ್ಲ. ಕೊಟ್ಟವರು ಬಸವಣ್ಣನವರೇ ಆಗಿರಲಿ, ಕೊಟ್ಟ ಭಾವ ಕರುಣೆಯೇ ಆಗಿರಲಿ, ಕೈಗೂ ಅನ್ನಕ್ಕೂ ಇದ್ದ ಸಂಬಂಧ ಅಲ್ಲಿ ಕಡಿದುಹೋಗುತ್ತದೆ. ದೈವವು ಒದಗಿಸುವುದೆಂಬ ನಂಬುಗೆ ಲಕ್ಕಮ್ಮನಿಗೆ ಇದೆ. ಆದರೆ ಅದು ಯಾವ ದಾರಿಯಿಂದ ಬಂದರೂ ಸರಿ ಎಂಬ ನಂಬುಗೆಯಲ್ಲ. ಒಪ್ಪಿಕೊಂಡ ಕಾಯಕದ ದಾರಿಯಿಂದ, ಒಪ್ಪಿಕೊಂಡ ಅಳತೆಯಲ್ಲಿ ಬಂದುದು ಮಾತ್ರ ದೇವರದು. ಸಾಮಾನ್ಯ ಭಕ್ತನು ಹೆಚ್ಚಾಗಿ ದೊರೆತುದನ್ನು ಕೃಪೆಯೆಂದು ಕಣ್ಣಿಗೊತ್ತಿಕೊಳ್ಳುವ ಕಡೆ ಈಕೆ ಅದನ್ನು ಶಂಕಿಸುತ್ತಾಳೆ.

ಶರಣಕಥೆಗಳಲ್ಲಿ ಈ ಸನ್ನಿವೇಶ ಒಂಟಿಯಲ್ಲ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನ ಕಥೆಯಲ್ಲಿಯೂ ಹಗ್ಗದ ಬೆಲೆಗಿಂತ ಹೆಚ್ಚಿನ ಹಣ ಬಂದುದು ದೊಡ್ಡ ಜಿಜ್ಞಾಸೆಗೆ ಎಡೆಯಾಗುತ್ತದೆ. ಚಂದಯ್ಯ ಅದನ್ನು ಒಪ್ಪುವುದಿಲ್ಲ. ಮೋಳಿಗೆಯ ಮಾರಯ್ಯನ ಗುಡಿಸಲಿಗೆ ಬಸವಣ್ಣನವರು ಮಾರುವೇಷದಿಂದ ಬಂದು ಅಂಬಲಿಯನ್ನು ಸವಿದು, ಅವನ ಬಡತನಕ್ಕೆ ಮರುಗಿ, ಯಾರಿಗೂ ತಿಳಿಯದಂತೆ ಹೊನ್ನಿನ ಗಂಟನ್ನು ಇಟ್ಟು ಹೋದರೆಂಬ ಕಥೆಯೂ ಇದೇ ಜಾತಿಯದು. ಆದರೆ ಅಲ್ಲಿ ಮೋಳಿಗೆಯ ಮಾರಯ್ಯ ಆ ಹೊನ್ನನ್ನು ಜಂಗಮರಿಗೆ ಹಂಚಿ, ತನ್ನ ಕಟ್ಟಿಗೆಯನ್ನೇ ಚಿನ್ನವಾಗಿಸಿ ತೋರಿಸಿ ತಾನು ಬಡವನಲ್ಲವೆಂಬುದನ್ನು ಸ್ಥಾಪಿಸುತ್ತಾನೆ. ಕಾವ್ಯವಾಗಿ ಅದು ಬೆರಗನ್ನು ಹುಟ್ಟಿಸುತ್ತದೆ, ನಿಜ. ಆದರೂ ಬಡತನದ ಆರೋಪಕ್ಕೆ ಚಿನ್ನದಿಂದಲೇ ಉತ್ತರ ಕೊಟ್ಟಮೇಲೆ ಚಿನ್ನದ ಬೆಲೆಯನ್ನು ಒಪ್ಪಿದಂತಾಯಿತಲ್ಲವೆ? ಲಕ್ಕಮ್ಮ ಏನನ್ನೂ ತೋರಿಸಹೋಗುವುದಿಲ್ಲ. ಗಂಡನ ಕೈಯಲ್ಲಿ ಅಕ್ಕಿಯನ್ನು ಕೊಟ್ಟು ಹಿಂದಕ್ಕೆ ಕಳುಹಿಸುತ್ತಾಳೆ, ಅಷ್ಟೆ. ಈ ಎರಡು ಕಥೆಗಳಲ್ಲಿ ನಮ್ಮ ಒಲವು ಎತ್ತ ಎಂಬುದನ್ನು ಮುಚ್ಚಿಡಬೇಕಾದ ಕಾರಣವಿಲ್ಲ.

ದಿನದ ಅಳತೆಯನ್ನು ಮೀರಬಾರದೆಂಬ ಈ ವ್ರತಕ್ಕೆ ಬೇರೆ ಧರ್ಮಗಳ ಗ್ರಂಥಗಳಲ್ಲಿಯೂ ಹೋಲಿಕೆಗಳುಂಟು. ಅವುಗಳಲ್ಲಿ ಅತ್ಯಂತ ಸಮೀಪದ್ದು ಬೈಬಲ್ಲಿನ ವಿಮೋಚನಕಾಂಡದಲ್ಲಿ ಬರುವ ಮನ್ನದ ಪ್ರಸಂಗ. ಐಗುಪ್ತದಿಂದ ಹೊರಟ ಇಸ್ರಾಯೇಲರು ಅರಣ್ಯದಲ್ಲಿ ಹಸಿದು ಗೊಣಗುತ್ತಾರೆ. ಬೆಳಗಿನ ಇಬ್ಬನಿ ಆರಿದ ಬಳಿಕ ನೆಲದ ಮೇಲೆ ಕಾಣುವ ಮನ್ನವನ್ನು ಪ್ರತಿಯೊಬ್ಬನೂ ಒಂದು ಓಮೆರ್ ಅಳತೆಯಂತೆ ಕೂಡಿಸಿಕೊಳ್ಳಬೇಕೆಂದು ಅವರಿಗೆ ಅಪ್ಪಣೆಯಾಗುತ್ತದೆ. ಮರುದಿನಕ್ಕೆಂದು ಉಳಿಸಿಕೊಂಡವರ ಪಾಲಿಗೆ ಹುಳು ಬಿದ್ದು ನಾತ ಹಿಡಿಯುತ್ತದೆ. ವಿಶ್ರಾಂತಿಯ ದಿನಕ್ಕಾಗಿ ಆರನೆಯ ದಿನ ಎರಡರಷ್ಟು ಕೂಡಿಸಿದುದು ಮಾತ್ರ ಕೆಡುವುದಿಲ್ಲ. ನೆಲದಿಂದ ಆಯುವುದು, ನಿತ್ಯದ ಅಳತೆ, ಹೆಚ್ಚಳದ ನಿಷೇಧ, ಇವು ಮೂರೂ ಇಲ್ಲಿ ಸಮಾನ. ವ್ಯತ್ಯಾಸವೆಲ್ಲ ಶಿಕ್ಷೆಯಲ್ಲಿದೆ. ಮನ್ನದಲ್ಲಿ ಆಜ್ಞೆಯನ್ನು ಕಾಯುವುದು ಮನ್ನವೇ, ಮೀರಿದರೆ ಕೊಳೆಯುತ್ತದೆ. ಮಾರಯ್ಯ ತಂದ ಅಕ್ಕಿ ಕೊಳೆಯುವ ವಸ್ತುವಲ್ಲ, ತಿಂಗಳುಗಟ್ಟಲೆ ಮಡಕೆಯಲ್ಲಿ ಸುಖವಾಗಿ ಇದ್ದೀತು. ಅದಕ್ಕೆ ಹುಳು ಬೀಳುವ ಮೊದಲು ಲಕ್ಕಮ್ಮನ ಕಣ್ಣು ಬೀಳುತ್ತದೆ. ವಿಧಿಸಿದ ನಿಯಮವನ್ನು ಪಾಲಿಸುವುದು ಒಂದು ಬಗೆಯಾದರೆ, ಹೊರಗಿನ ಯಾವ ಭಯವೂ ಇಲ್ಲದೆಡೆಯಲ್ಲಿ ತಾನೇ ಒಪ್ಪಿಕೊಂಡ ನಿಯಮವನ್ನು ಪಾಲಿಸುವುದು ಇನ್ನೊಂದು ಬಗೆ.

ನಮ್ಮ ದಾಸಸಾಹಿತ್ಯಕ್ಕೆ ಬಂದರೆ ಧ್ವನಿ ಬೇರೆಯಾಗುತ್ತದೆ. ತಳಮಳಿಸುವ ಮನಸ್ಸಿಗೆ ಧೈರ್ಯ ಹೇಳುವ ಕನಕದಾಸರ ಕೀರ್ತನೆಯನ್ನು ಕೇಳದ ಕನ್ನಡಿಗರಿಲ್ಲ. ಬೆಟ್ಟದ ನೆತ್ತಿಯ ಮರಕ್ಕೆ ನೀರೆರೆದವರಾರು, ಕಲ್ಲೊಳಗಿನ ಕಪ್ಪೆಗೆ ಆಹಾರವನ್ನು ಒದಗಿಸಿದವರಾರು ಎಂದು ಕೇಳುತ್ತ, ಕಾಗಿನೆಲೆಯ ಆದಿಕೇಶವನು ಎಲ್ಲರನ್ನೂ ಸಲಹುವನೆಂಬಲ್ಲಿಗೆ ಅದು ಮುಟ್ಟುತ್ತದೆ. ಆ ಕೀರ್ತನೆಯಲ್ಲಿ ಮನುಷ್ಯನು ಮಾಡಬೇಕಾದುದು ತಳಮಳವನ್ನು ಬಿಡುವುದು ಮಾತ್ರ. ಮರವಾಗಲಿ ಕಪ್ಪೆಯಾಗಲಿ ವ್ರತವನ್ನು ಹಿಡಿದುದಿಲ್ಲ. ಸಂಕಟದಲ್ಲಿರುವವನಿಗೆ ಅದು ಕೊಡುವ ಸಾಂತ್ವನ ಅಪಾರವಾದುದು. ಆ ಸಾಂತ್ವನವನ್ನು ಲಕ್ಕಮ್ಮನ ವಚನಗಳಲ್ಲಿ ಹುಡುಕಿದರೆ ದೊರೆಯದು. ಆಕೆ ಸಂತೈಸುವವಳಲ್ಲ. ಆಕೆಯ ಪ್ರಸಂಗಕ್ಕೆ ಹೆಚ್ಚು ಹತ್ತಿರವಾದುದು ಪುರಂದರದಾಸರ ಚರಿತ್ರೆಯ ಒಂದು ಐತಿಹ್ಯ. ಸಂಪತ್ತೆಲ್ಲವನ್ನೂ ತ್ಯಜಿಸಿ ಹೊರಟ ದಾಸರೊಡನೆ ಕಾಡಿನಲ್ಲಿ ಹೋಗುವಾಗ ಅವರ ಪತ್ನಿಗೆ ಕಳ್ಳರ ಭಯವಾಗುತ್ತದೆ. ಕಳ್ಳರು ಒಯ್ಯುವಂತಹುದು ನಮ್ಮಲ್ಲಿ ಏನಿದೆಯೆಂದು ದಾಸರು ಕೇಳಿದಾಗ, ಗಂಡನಿಗೆ ನೀರು ಕುಡಿಯಲು ಬೇಕಾದೀತೆಂದು ಆಕೆ ತಂದಿದ್ದ ಚಿನ್ನದ ಬಟ್ಟಲು ಹೊರಬರುತ್ತದೆ. ದಾಸರು ಅದನ್ನು ಎಸೆಯುತ್ತಾರೆ. ಅಲ್ಲಿ ಹೆಂಡತಿ ಪ್ರೀತಿಯಿಂದ ಉಳಿಸಿಕೊಂಡ ಹೆಚ್ಚಳವನ್ನು ಗಂಡನು ಬಿಡಿಸುತ್ತಾನೆ. ಇಲ್ಲಿ ಗಂಡನು ಅವಸರದಲ್ಲಿ ತಂದ ಹೆಚ್ಚಳವನ್ನು ಹೆಂಡತಿ ಬಿಡಿಸುತ್ತಾಳೆ. ಪುರಂದರದಾಸರ ಬಟ್ಟಲು ಬಿದ್ದುದು ಕಾಡಿನಲ್ಲಿ, ಯಾರಿಗೂ ದೊರೆಯದ ಕಡೆ. ಮಾರಯ್ಯನ ಅಕ್ಕಿ ಬಂದ ಅಂಗಳಕ್ಕೇ ಮರಳಿತು. ತ್ಯಾಗದ ಕಥೆಗಳನ್ನು ಅಳೆಯುವಾಗ ಬಿಟ್ಟ ವಸ್ತು ಎಲ್ಲಿಗೆ ಹೋಯಿತೆಂಬುದನ್ನು ನಾವು ಕೇಳುವುದು ಅಪರೂಪ.

ಈಗ ಒಂದು ಕಠಿನವಾದ ಪ್ರಶ್ನೆಯನ್ನು ಎದುರಿಸಬೇಕಾಗಿದೆ. ಲಕ್ಕಮ್ಮನ ಪ್ರಸಿದ್ಧವಾದ ಇನ್ನೊಂದು ವಚನವು ದ್ರವ್ಯದ ಬಡತನವು ಮನಶ್ಶುದ್ಧಿಯಿಲ್ಲದವನಿಗೆ ಮಾತ್ರವೆಂದೂ, ಚಿತ್ತಶುದ್ಧಿಯಿಂದ ಕಾಯಕ ಮಾಡುವ ಸದ್ಭಕ್ತನು ನೋಡಿದ ಕಡೆಯೆಲ್ಲ ಲಕ್ಷ್ಮಿ ತಾನಾಗಿಯೇ ಇರುವಳೆಂದೂ ಹೇಳುತ್ತದೆ. ಭಕ್ತನಿಗೆ ಬಡತನವುಂಟೆ ಎಂದು ಕೇಳುವ ವಚನವೂ ಆಕೆಯದೇ. ಅಂಗಳದಲ್ಲಿ ಅಕ್ಕಿ ಚೆಲ್ಲುವಷ್ಟು ಸಮೃದ್ಧಿ ಕಲ್ಯಾಣದಲ್ಲಿತ್ತು. ಅಂಗಳವೇ ಬರಿದಾದ ಕಾಲದಲ್ಲಿ ಈ ಮಾತಿಗೆ ಏನರ್ಥ? ಕನ್ನಡನಾಡಿನ ಬಯಲುಸೀಮೆಗೆ ಈ ಪ್ರಶ್ನೆ ಕೇವಲ ತರ್ಕದ್ದಲ್ಲ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ, ಬಳ್ಳಾರಿ, ಧಾರವಾಡ, ಕಲಾದಗಿ ಜಿಲ್ಲೆಗಳು ಬೆಂದುಹೋದವು. ೧೮೭೧ರ ಗಣತಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಸತ್ತವರೆಲ್ಲರೂ ಕಾಯಕದವರೇ, ಒಕ್ಕಲಿಗರು, ನೇಯುವವರು, ಕೂಲಿಯವರು. ಅವರಿಗೆ ಚಿತ್ತಶುದ್ಧಿ ಇರಲಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ವಚನವನ್ನು ಲೋಕನಿಯಮವೆಂದು ಓದಿದರೆ ಹಾಗೆ ಹೇಳಲೇಬೇಕಾಗುತ್ತದೆ. ಆಗ ಅದು ಹಸಿದವನ ಮೇಲೆ ಹಸಿವಿನ ತಪ್ಪನ್ನೂ ಹೊರಿಸುವ ಕ್ರೂರವಾದ ಮಾತಾಗುತ್ತದೆ.

ಇದಕ್ಕೆ ಸಮಾಧಾನವನ್ನು ವಚನದ ಹೊರಗೆ ಹುಡುಕಬೇಕಾಗಿಲ್ಲವೆಂದು ನಮ್ಮ ಅಭಿಪ್ರಾಯ. ಯಾರು ಯಾರಿಗೆ ಹೇಳಿದ ಮಾತು ಇದು ಎಂಬುದನ್ನು ನೋಡಬೇಕು. ಶೂನ್ಯಸಂಪಾದನೆಯ ಪ್ರಸಂಗದಲ್ಲಿ ಲಕ್ಕಮ್ಮನ ಈ ಮಾತುಗಳು ಹಸಿದ ಪರರನ್ನು ಉದ್ದೇಶಿಸಿದವಲ್ಲ. ಗಂಡನನ್ನು, ಎಂದರೆ ಒಂದೇ ವ್ರತದಲ್ಲಿ ತನ್ನೊಡನೆ ನಿಂತವನನ್ನು, ಉದ್ದೇಶಿಸಿದವು. ಬಡವರೆಂದು ನಮ್ಮನ್ನು ಕಂಡು ಮರುಗಿ ಹೆಚ್ಚಾಗಿ ಕೊಡುವುದು ಬೇಡ, ನಾವು ಬಡವರಲ್ಲ ಎಂಬುದು ಆ ಮನೆಯ ಹೆಮ್ಮೆಯ ಮಾತು. ಮೇಲಾಗಿ ಆ ವಚನದ ಕೊನೆಯಲ್ಲಿ ಒಂದು ಷರತ್ತು ಇದೆ: ಅಮರೇಶ್ವರಲಿಂಗದ ಸೇವೆ ಇರುವ ತನಕ. ಆ ಸೇವೆಯೆಂದರೆ ಬಂದವರಿಗೆ ನೀಡುವುದು. ಹೀಗಾಗಿ ತಮ್ಮ ಪಾಲಿಗೆ ಅಳತೆ, ಪರರ ಪಾಲಿಗೆ ಅನ್ನ, ಇದು ಆ ಮನೆಯ ಲೆಕ್ಕ. ಬಾಗಿಲಿಗೆ ಬಂದ ಜಂಗಮಕ್ಕೆ ಲಕ್ಕಮ್ಮ ಚಿತ್ತಶುದ್ಧಿಯನ್ನು ಬೋಧಿಸಲಿಲ್ಲ, ಎಲೆ ಹಾಕಿದಳು. ತನಗೆ ಹೇಳಿಕೊಂಡಾಗ ವ್ರತವಾಗಿರುವ ಮಾತೇ ಪರರಿಗೆ ಹೇಳಿದಾಗ ಅನ್ಯಾಯವಾಗಬಹುದು. ವಾಕ್ಯದಲ್ಲಿ ಒಂದಕ್ಷರವೂ ಬದಲಾಗಬೇಕಾಗಿಲ್ಲ.

ಇದು ಬರಿಯ ಶಂಕೆಯಲ್ಲ ಎಂಬುದಕ್ಕೆ ಅದೇ ಕ್ಷಾಮದ ಚರಿತ್ರೆಯಲ್ಲಿ ನಿದರ್ಶನ ದೊರೆಯುತ್ತದೆ. ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಮದರಾಸು ಆಧಿಪತ್ಯದ ಪರಿಹಾರದ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದಾಣೆಗೆ ಇಳಿಸಿದನು. ಬಳ್ಳಾರಿಯೂ ಆಗ ಆ ಆಧಿಪತ್ಯಕ್ಕೆ ಸೇರಿತ್ತು. ಆ ಅಳತೆಯಿಂದ ದುಡಿಯುವ ದೇಹ ಉಳಿಯದೆಂದು ಅಲ್ಲಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಬೇಕಾಯಿತು. ಅದೇ ವರ್ಷ ಕೂಲಿಯನ್ನು ಮತ್ತೆ ಏರಿಸಲಾಯಿತು. ದಿನದ ದುಡಿಮೆ, ದಿನದ ಅಳತೆ, ಹೆಚ್ಚಿಗೆ ಇಲ್ಲ: ಹೊರಗಿನಿಂದ ನೋಡುವವನಿಗೆ ಟೆಂಪಲ್ ಸಾಹೇಬನ ಪೌಂಡಿಗೂ ಲಕ್ಕಮ್ಮನ ಒಮ್ಮನಕ್ಕೂ ಭೇದ ಕಾಣದೆ ಹೋಗಬಹುದು. ಲಕ್ಕಮ್ಮ ತನ್ನ ಮಡಕೆಯನ್ನು ಅಳೆದಳು. ಸಾಹೇಬನು ಅಳೆದುದು ಇನ್ನೊಬ್ಬರ ಹೊಟ್ಟೆಯನ್ನು.

ಇನ್ನೊಂದು ಆಕ್ಷೇಪಣೆಯೂ ಏಳಬಹುದು. ಮಳೆಯನ್ನು ನೆಚ್ಚಿ ಬದುಕುವ ನಾಡಿನಲ್ಲಿ ನಾಳೆಗೆ ಉಳಿಸುವುದು ಆಸೆಯಲ್ಲ, ವಿವೇಕ. ನಮ್ಮ ಒಕ್ಕಲಿಗರು ನೆಲದಲ್ಲಿ ಹಗೇವು ತೋಡಿ ರಾಗಿಯನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದುದು ಬರಗಾಲದ ಅನುಭವದಿಂದಲೇ. ಕನಕದಾಸರ ರಾಮಧಾನ್ಯಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ನಡೆದ ವಿವಾದವು ಬಗೆಹರಿಯುವುದು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ ಮೇಲೆ. ಅಕ್ಕಿ ಕುಂದುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಕೂಡಿಟ್ಟರೆ ಬಾಳುವ ಗುಣಕ್ಕೇ ಅಲ್ಲಿ ರಾಮನ ಮನ್ನಣೆ. ಬೆಟ್ಟದ ಮರಕ್ಕೆ ನೀರೆರೆದವನನ್ನು ಹಾಡಿದ ಕವಿಯೇ ಹಗೇವಿನ ಧಾನ್ಯವನ್ನೂ ಹಾಡಿದ್ದಾನೆಂಬುದು ಗಮನಾರ್ಹ. ಹಾಗಾದರೆ ಲಕ್ಕಮ್ಮ ಒಕ್ಕಲುತನದ ವಿವೇಕಕ್ಕೆ ವಿರೋಧಿಯೆ? ಹಾಗೆ ತೋರುವುದಿಲ್ಲ. ಹಗೇವಿನಲ್ಲಿರುವುದು ಬಿತ್ತಿದವನ ಬೆಳೆ. ಮಾರಯ್ಯ ಆಯುತ್ತಿದ್ದುದು ತಾನು ಬಿತ್ತದ, ಇನ್ನೊಬ್ಬರ ಅಂಗಳದ ಅಕ್ಕಿ. ಬಿತ್ತದವನು ಅಂಗಳದಿಂದ ಎರಡು ದಿನದ್ದನ್ನು ಬಾಚಿದರೆ ಅದು ಸಂಗ್ರಹವೂ ಅಲ್ಲ, ಬೇರೆ ಏನೋ ಆಗುತ್ತದೆ. ಹಿಂದಿರುಗಿಸಿದ ಅಕ್ಕಿ ಇನ್ನೊಬ್ಬ ಆಯುವವನಿಗೆ ದೊರೆಯಲಿ ಎಂಬ ಭಾವವೂ ಇಲ್ಲಿದೆಯೆಂದು ಕೆಲವರು ವ್ಯಾಖ್ಯಾನಿಸಬಹುದು. ಆ ಭಾವ ಸುಂದರವಾದುದು. ಆದರೆ ವಚನಗಳಲ್ಲಿ ಅದು ಮಾತಾಗಿ ಬಂದಿಲ್ಲ. ಬರದುದನ್ನು ಬಂದಿದೆಯೆಂದು ಹೇಳುವ ಉತ್ಸಾಹವನ್ನು ನಾವು ತಡೆದುಕೊಳ್ಳಬೇಕು.

ಕಥೆಯ ಪವಾಡದ ಭಾಗವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ದಿನದ ಅಕ್ಕಿಯಿಂದಲೇ ಲಕ್ಕಮ್ಮ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ಬಡಿಸಿದಳೆಂಬುದು ಸಂಪ್ರದಾಯ. ಕಲ್ಯಾಣದ ಜಂಗಮಗಣಕ್ಕೆ ಈ ಸಂಖ್ಯೆ ರೂಢಿಯಾದುದು. ಅದನ್ನು ಎಣಿಕೆಯೆಂದು ತಿಳಿಯಬೇಕಾಗಿಲ್ಲ. ಹೀಗಿದ್ದರೂ ಪವಾಡವು ನಡೆದ ರೀತಿ ಕಥೆಯ ತರ್ಕಕ್ಕೆ ನಿಷ್ಠವಾಗಿದೆ. ಅಕ್ಕಿ ಹೆಚ್ಚಿ ಪವಾಡವಾಗಲಿಲ್ಲ. ಹೆಚ್ಚಿದ ಅಕ್ಕಿಯನ್ನು ಹಿಂದಿರುಗಿಸಿ, ಅಳತೆಯಷ್ಟೇ ಉಳಿದ ಮೇಲೆ ಅದೇ ಸಾಲುತ್ತದೆ. ಕವಿಯ ಕಲ್ಪನೆ ಇಲ್ಲಿ ವಚನದ ಕಟ್ಟನ್ನು ಮೀರಿಲ್ಲ. ಆದರೂ ಉಪನ್ಯಾಸಗಳಲ್ಲಿ ಈ ಭಾಗಕ್ಕೇ ಹೆಚ್ಚು ಹೊತ್ತು ಸಲ್ಲುವುದನ್ನು ಕಂಡಾಗ ಅಕ್ಕಿಯನ್ನು ಹಿಂದಿರುಗಿಸಿದ ಗಳಿಗೆ ಮಂಕಾಗುವುದೇನೋ ಎನಿಸುತ್ತದೆ. ಜನ ಸೇರುವುದು ಪವಾಡಕ್ಕೆ, ಅದಕ್ಕೇನು ಮಾಡುವುದು!

ಪ್ರಕರಣವು ಇಲ್ಲಿಗೆ ಮುಗಿಯುವುದಿಲ್ಲ. ಮಾರಯ್ಯನಿಗೆ ಲಿಂಗೈಕ್ಯದ ಹಂಬಲ ಹುಟ್ಟುತ್ತದೆ, ಆ ವಿಷಯದಲ್ಲಿಯೂ ಲಕ್ಕಮ್ಮನೇ ಅವನಿಗೆ ಬೋಧೆ ಮಾಡುತ್ತಾಳೆ. ಬೋಧಿಸುವುದು ಗುರುವಿಗೂ ಬೋಧೆಯನ್ನು ಕೇಳುವುದು ಶಿಷ್ಯನಿಗೂ ಸಲ್ಲುವ ಈ ಕೃತಿಯಲ್ಲಿ ಹೆಂಡತಿಯ ಮುಂದೆ ಗಂಡನು ಶಿಷ್ಯನಾಗಿ ನಿಲ್ಲುವುದು ಅಪೂರ್ವವಾದ ದೃಶ್ಯ. ಆ ಸಂದರ್ಭಕ್ಕೆ ಒದಗುವ ವಚನದಲ್ಲಿ ಆಕೆ, ಮಾಡುವ ಕೆಲಸ ಇರುವಾಗ ಬೇರೆ ಪದವಿಯನ್ನು ಹುಡುಕುವುದೇಕೆಂದು ಕೇಳುತ್ತಾಳೆ. ದಾಸೋಹದ ಸೇವೆಯನ್ನು ಬಿಟ್ಟು ಕೈಲಾಸವನ್ನು ಬಯಸುವುದು ಬೇಡವೆನ್ನುತ್ತಾಳೆ. ಅಮರೇಶ್ವರಲಿಂಗವಿದ್ದ ಸ್ಥಳವೇ ಕೈಲಾಸವೆನ್ನುತ್ತಾಳೆ. ಇಲ್ಲಿ ಕೈಲಾಸಕ್ಕೆ ಆಕೆ ಬಳಸಿರುವ ಶಬ್ದವನ್ನು ವಿದ್ಯಾರ್ಥಿಗಳು ಗುರುತಿಸಬೇಕು. ಅದು 'ಆಸೆ', ಮಾರಯ್ಯನು ಹೆಚ್ಚಾಗಿ ತಂದ ಅಕ್ಕಿಗೆ ಬಳಸಿದ್ದ ಅದೇ ಶಬ್ದ. ಬೇರೆ ವಚನಕಾರರಾದರೆ ಐಹಿಕದ ಬಯಕೆಗೆ ಒಂದು ಹೆಸರನ್ನೂ ಮೋಕ್ಷದ ಬಯಕೆಗೆ ಅದಕ್ಕಿಂತ ಉದಾತ್ತವಾದ ಇನ್ನೊಂದು ಹೆಸರನ್ನೂ ಹುಡುಕುತ್ತಿದ್ದರೋ ಏನೋ. ಲಕ್ಕಮ್ಮನಿಗೆ ಎರಡಕ್ಕೂ ಒಂದೇ ಮೊರ. ಅಂಗಳದಿಂದ ಬಂದ ಎರಡನೆಯ ಮಾನ ಅಕ್ಕಿಯನ್ನು ಯಾವ ಕೈಯಿಂದ ಹಿಂದಕ್ಕೆ ಕಳುಹಿಸಿದಳೋ ಅದೇ ಕೈಯಿಂದ ಕೈಲಾಸವನ್ನೂ ಕಳುಹಿಸುತ್ತಾಳೆ.